ಡೆಸರ್ಟ್ ಸಫಾರಿ: ಒಂದೇ ಟಿಕೆಟ್‌ನಲ್ಲಿ ಎರಡು ಸರಕು

ಮಾನ್ಯ ಸಂಪಾದಕರೇ,

ದಸರಾ ರಜೆ ಸಮೀಪಿಸುತ್ತಿದ್ದಂತೆ ಕನ್ನಡ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ದುಬೈ ಪ್ಯಾಕೇಜುಗಳ ಜಾಹೀರಾತುಗಳು ಸಾಲುಗಟ್ಟಿ ಬರತೊಡಗುತ್ತವೆ. ನಗರ ದರ್ಶನ, ಬುರ್ಜ್ ಖಲೀಫಾ, ಕ್ರೀಕ್‌ನಲ್ಲಿ ಹಡಗಿನ ಮೇಲಿನ ಊಟ ಇವುಗಳ ಜೊತೆಗೆ ‘ಬಾರ್ಬೆಕ್ಯೂ ಊಟ ಹಾಗೂ ಮನರಂಜನೆ ಸಹಿತ ಡೆಸರ್ಟ್ ಸಫಾರಿ’ ಎಂಬ ಸಾಲು ಅವುಗಳಲ್ಲಿ ತಪ್ಪದೆ ಇರುತ್ತದೆ. ಹಲವು ವರ್ಷಗಳಿಂದ ದುಬೈ ಪಕ್ಕದ ಶಾರ್ಜಾದಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗನಾಗಿ, ಊರಿನಿಂದ ಬರುವ ನೆಂಟರಿಷ್ಟರನ್ನು ಈ ಸಫಾರಿಗೆ ಕಳುಹಿಸಿಕೊಟ್ಟು, ಕೆಲವೊಮ್ಮೆ ಜೊತೆಗೂ ಹೋಗಿ, ರಾತ್ರಿ ಮರಳಿದವರ ಸಂತೋಷವನ್ನೂ ಸುಸ್ತನ್ನೂ ಕಂಡಿರುವ ನನಗೆ ಆ ಒಂದು ಸಾಲಿನ ಬಗ್ಗೆ ತಕರಾರಿದೆ. ಸಫಾರಿಯ ಬಗ್ಗೆ ನನಗೆ ಸಿಟ್ಟಿಲ್ಲ. ಅದು ಒಳ್ಳೆಯ ಸಂಜೆಯೇ. ಅದನ್ನು ನಮ್ಮ ಊರುಗಳಲ್ಲಿ ಮಾರುತ್ತಿರುವ ರೀತಿ ಸರಿಯಿಲ್ಲ ಎಂಬುದಷ್ಟೇ ಈ ಪತ್ರದ ವಿಷಯ.

ಆ ಸಾಲಿನ ಹಿಂದೆ ಎರಡು ಬೇರೆ ಬೇರೆ ಸರಕುಗಳಿವೆ. ಮೊದಲನೆಯದು, ಮಧ್ಯಾಹ್ನ ಮೂರರ ಸುಮಾರಿಗೆ ಹೋಟೆಲಿನಿಂದ ಕರೆದೊಯ್ದು, ಹತ್ತಾ ರಸ್ತೆಯ ಲಹ್‌ಬಾಬ್ ಕಡೆಯ ಕೆಂಪು ಮರಳುದಿಬ್ಬಗಳಲ್ಲಿ ಅಥವಾ ಶಾರ್ಜಾಕ್ಕೆ ಸೇರಿದ ಅಲ್ ಬದಾಯರ್ ಭಾಗದಲ್ಲಿ ಸುಮಾರು ಅರ್ಧ ಗಂಟೆ ಲ್ಯಾಂಡ್ ಕ್ರೂಸರ್‌ನಂಥ ಭಾರಿ ಜೀಪನ್ನು ಹತ್ತಿಸಿ ಇಳಿಸುವ, ಇಲ್ಲಿ ಎಲ್ಲರೂ ಡ್ಯೂನ್ ಬ್ಯಾಷಿಂಗ್ ಎಂದೇ ಕರೆಯುವ ಸವಾರಿ. ಎರಡನೆಯದು, ಸೂರ್ಯಾಸ್ತದ ನಂತರ ಕ್ಯಾಂಪ್‌ನಲ್ಲಿ ಖರ್ಜೂರ, ಗಹ್ವಾ ಎಂಬ ಅರಬ್ ಕಾಫಿ, ಮೆಹೆಂದಿ, ನಾಲ್ಕು ಹೆಜ್ಜೆ ಒಂಟೆ ಸವಾರಿ, ಊಟ, ನೃತ್ಯ ಮತ್ತು ಬೆಂಕಿಯಾಟಗಳ ಕಾರ್ಯಕ್ರಮ. ಎರಡನೆಯದಕ್ಕೆ ಮೂರು ತಲೆಮಾರಿನ ಕುಟುಂಬವೂ ನಿರಾತಂಕವಾಗಿ ಹೋಗಬಹುದು. ಮೊದಲನೆಯದು ಆರೋಗ್ಯವಂತರಿಗೆ ಮಾತ್ರ ತಕ್ಕುದಾದ ಸಾಹಸ. ಇವೆರಡನ್ನೂ ಬಿಡಿಸಿ ಹೇಳದೆ ಗಂಟು ಹಾಕಿ ಮಾರುವುದರಿಂದ, ಊಟ ಮತ್ತು ಸೂರ್ಯಾಸ್ತವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟ ಹಿರಿಯರು, ತಾವು ಕೇಳಿಯೇ ಇರದ ಕುಲುಕಾಟದ ನಡುವೆ ಸಿಲುಕಿಕೊಳ್ಳುತ್ತಾರೆ.

ಈ ಸವಾರಿ ಎಂಥದ್ದೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜಾಹೀರಾತಿನ ಚಿತ್ರದಲ್ಲಿ ಕಾಣುವುದು ಮರಳಿನ ಮೇಲೆ ನಿಂತ ಹೊಳೆಯುವ ಕಾರು ಮಾತ್ರ. ಡಾಂಬರು ರಸ್ತೆ ಮುಗಿಯುವಲ್ಲಿ ಎಲ್ಲ ಜೀಪುಗಳೂ ನಿಲ್ಲುತ್ತವೆ. ಚಾಲಕ ಕೆಳಗಿಳಿದು, ಒಂದೊಂದೇ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು, ವಾಲ್ವ್‌ನಿಂದ ಗಾಳಿ ಬಿಡುತ್ತ ಮಾಪಕ ಇಟ್ಟು ನೋಡುತ್ತಾನೆ. ರಸ್ತೆಯಲ್ಲಿ ಸುಮಾರು 35 ಪಿಎಸ್‌ಐ ಇದ್ದ ಒತ್ತಡವನ್ನು ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಸಿದಾಗ ಟೈರು ಚಪ್ಪಟೆಯಾಗಿ ಮರಳಿನ ಮೇಲೆ ಅಗಲವಾಗಿ ಹರಡಿಕೊಳ್ಳುತ್ತದೆ ಮತ್ತು ವಾಹನ ಹೂತುಹೋಗದೆ ತೇಲಿದಂತೆ ಸಾಗುತ್ತದೆ. ಗಾಳಿ ಬೀಸುವ ಕಡೆಯಲ್ಲಿ ದಿಬ್ಬದ ಏರು ಕಡಿದಲ್ಲದೆ ಓರೆಯಾಗಿದ್ದರೆ, ಅದರ ಮರೆಯ ಕಡೆಯಲ್ಲಿ ಒಣಮರಳು ತಾನಾಗಿ ನಿಲ್ಲಬಲ್ಲ ಕಡಿದಾದ ಕೋನದವರೆಗೆ, ಅಂದರೆ 30 ಡಿಗ್ರಿಗಿಂತ ತುಸು ಹೆಚ್ಚಾಗಿ, ಇಳಿಜಾರಿರುತ್ತದೆ. ಚಾಲಕ ಏರನ್ನು ವೇಗದಲ್ಲಿ ಹತ್ತಿ, ನೆತ್ತಿಯ ಮೇಲೆ ಕ್ಷಣ ತಡೆದು, ಕಡಿದಾದ ಬದಿಯಲ್ಲಿ ನೇರವಾಗಿ ಜಾರಿಸುತ್ತಾನೆ. ನೇರವಾಗಿ ಏಕೆಂದರೆ ಅಡ್ಡಡ್ಡ ತಿರುಗಿದರೆ ವಾಹನ ಮಗುಚುವ ಅಪಾಯವಿದೆ. ಒಳಗೆ ಛಾವಣಿಯುದ್ದಕ್ಕೂ ಕಬ್ಬಿಣದ ಕೊಳವೆಗಳ ರೋಲ್ ಕೇಜ್ ಕೂಡಿಸಿರುವುದು ಇದೇ ಕಾರಣಕ್ಕೆ. ನೆತ್ತಿಯ ಮೇಲೆ ನಿಂತಾಗ ಮುಂದಿನ ಗಾಜಿನಲ್ಲಿ ಆಕಾಶ ಮಾತ್ರ ಕಾಣುತ್ತದೆ, ಮರುಕ್ಷಣ ಮರಳು ಮಾತ್ರ. ಇಪ್ಪತ್ತೈದರ ಹುಡುಗರಿಗೆ ಇದಕ್ಕಿಂತ ಖುಷಿ ಬೇರೆ ಬೇಡ ಎಂಬುದನ್ನು ನಾನು ಒಪ್ಪುತ್ತೇನೆ.

ಆದರೆ ಅದೇ ಜೀಪಿನ ಮೂರನೆಯ ಸಾಲಿನಲ್ಲಿ ಕೂತವರ ಅನುಭವ ಬೇರೆ. ಆ ಆಸನ ಹಿಂದಿನ ಚಕ್ರದ ಅಚ್ಚಿನ ಮೇಲೆಯೇ ಇರುವುದರಿಂದ ಪ್ರತಿ ಕುಲುಕೂ ನೇರವಾಗಿ ಬೆನ್ನುಮೂಳೆಗೆ ತಾಗುತ್ತದೆ. ತಲೆಯ ಮೇಲೆ ಜಾಗ ಕಡಿಮೆ, ಕಿಟಕಿ ಚಿಕ್ಕದು, ಮುಂದಿನ ದಾರಿ ಕಾಣದೆ ಹೊಟ್ಟೆ ತೊಳಸುವುದೂ ಅಲ್ಲಿ ಕೂತವರಿಗೇ ಹೆಚ್ಚು. ಚಾಲಕನ ಜೊತೆ ಆರು ಜನರನ್ನು ತುಂಬುವ ಶೇರಿಂಗ್ ಜೀಪುಗಳಲ್ಲಿ ಈ ಸಾಲು ಸಾಮಾನ್ಯವಾಗಿ ಯಾರಿಗೆ ಸಿಗುತ್ತದೆ ಎಂದರೆ, ಕೊನೆಯಲ್ಲಿ ನಿಧಾನವಾಗಿ ನಡೆದು ಬಂದವರಿಗೆ, ಅಂದರೆ ವಯಸ್ಸಾದವರಿಗೆ. ಉಡುಪಿ ಕಡೆಯಿಂದ ಗುಂಪು ಪ್ರವಾಸದಲ್ಲಿ ಬಂದಿದ್ದ ನಮ್ಮ ಚಿಕ್ಕಮ್ಮನಿಗೂ ಅದೇ ಆಯಿತು. ಸೊಂಟದ ಡಿಸ್ಕ್ ತೊಂದರೆಗೆ ಅವರು ಹಿಂದೆಯೇ ಚಿಕಿತ್ಸೆ ಪಡೆದಿದ್ದರು. ಊರಿನಲ್ಲಿ ಹಣ ಕಟ್ಟಿಸಿಕೊಂಡ ಏಜೆನ್ಸಿಯವರು ಪಾಸ್‌ಪೋರ್ಟಿನ ಪ್ರತಿ ಕೇಳಿದ್ದರು, ಊಟ ಸಸ್ಯಾಹಾರವೋ ಮಾಂಸಾಹಾರವೋ ಎಂದು ಕೇಳಿದ್ದರು, ಬೆನ್ನು, ಹೃದಯ, ಶಸ್ತ್ರಚಿಕಿತ್ಸೆ ಇತ್ಯಾದಿಗಳ ಬಗ್ಗೆ ಒಂದು ಮಾತನ್ನೂ ಕೇಳಿರಲಿಲ್ಲ. ಜೀಪಿನಲ್ಲಿ ಕೂತ ಮೇಲೆ ಗುಂಪಿನ ಮ್ಯಾನೇಜರ್ ಎಲ್ಲರ ಸಹಿ ಒಂದೇ ಮೊಬೈಲಿನಲ್ಲಿ ಬೆರಳಾಡಿಸಿ ಹಾಕಿಸಿಕೊಂಡಿದ್ದಾರೆ; ಅದರಲ್ಲಿ ಬರೆದಿದ್ದುದು ಇಂಗ್ಲಿಷಿನಲ್ಲಿ, ಚಿಕ್ಕಮ್ಮನ ಕನ್ನಡಕ ಕೈಚೀಲದೊಳಗೆ. ಎರಡನೆಯ ದಿಬ್ಬ ಇಳಿಯುವಾಗ ಅವರು ‘ನಿಲ್ಸಿ ಮಾರಾಯ್ರೆ’ ಎಂದು ಕೂಗಿದ್ದು ಹಾಡಿನ ಅಬ್ಬರದಲ್ಲಿ ಚಾಲಕನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ತಿಳಿಯುತ್ತಿರಲಿಲ್ಲ. ಆ ರಾತ್ರಿ ಕ್ಯಾಂಪ್‌ನ ಕುಣಿತ, ಊಟ ಯಾವುದೂ ಅವರಿಗೆ ಬೇಕಾಗಲಿಲ್ಲ. ಊರಿಗೆ ಮರಳಿ ವಾರಗಟ್ಟಲೆ ಹಾಸಿಗೆ ಹಿಡಿದರು. ಏಜೆನ್ಸಿಗೆ ಫೋನ್ ಮಾಡಿದಾಗ ಬಂದ ಉತ್ತರ, ‘ಸಹಿ ಹಾಕಿದ್ದಾರಲ್ಲ’ ಎಂಬುದು.

ಇದನ್ನು ಒಬ್ಬರ ದುರದೃಷ್ಟವೆಂದು ತಳ್ಳಿಹಾಕುವಂತಿಲ್ಲ. ಗರ್ಭಿಣಿಯರು, ಬೆನ್ನು ಅಥವಾ ಕುತ್ತಿಗೆಯ ತೊಂದರೆ ಇರುವವರು, ಹೃದ್ರೋಗಿಗಳು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ತೀರಾ ಚಿಕ್ಕ ಮಕ್ಕಳು ಈ ಸವಾರಿಗೆ ಬರಬಾರದೆಂದು ಇಲ್ಲಿನ ಸಫಾರಿ ಸಂಸ್ಥೆಗಳೇ ತಮ್ಮ ನಿಬಂಧನೆಗಳಲ್ಲಿ ಬರೆದುಕೊಂಡಿರುತ್ತವೆ. ಅಂಥವರನ್ನು ಮರಳಿಗೆ ಇಳಿಸದೆ ರಸ್ತೆಯ ಮೂಲಕ ನೇರವಾಗಿ ಕ್ಯಾಂಪ್‌ಗೆ ಬಿಡುವ ವ್ಯವಸ್ಥೆಯೂ ಇದೆ. ಮುಂಚೆಯೇ ಹೇಳಿದರೆ ಬೇರೆ ವಾಹನ ಕಳುಹಿಸುತ್ತಾರೆ, ಕೆಲವರು ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೇಳುತ್ತಾರೆ. ಈ ಮಾಹಿತಿ ದುಬೈನಲ್ಲಿ ಗುಟ್ಟೇನಲ್ಲ. ಅದು ಮಂಗಳೂರು, ಹುಬ್ಬಳ್ಳಿ, ಮೈಸೂರಿನ ಗ್ರಾಹಕನನ್ನು ತಲುಪುವ ಮೊದಲೇ ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿದೆ. ಸಫಾರಿ ಸಂಸ್ಥೆಯಿಂದ ದುಬೈನ ಸಗಟು ಏಜೆಂಟ್, ಅವರಿಂದ ಮುಂಬೈ ಅಥವಾ ಬೆಂಗಳೂರಿನ ಕಂಪನಿ, ಅಲ್ಲಿಂದ ಊರಿನ ಏಜೆಂಟ್ ಹೀಗೆ ಕೈಯಿಂದ ಕೈಗೆ ದಾಟುವಾಗ ಬೆಲೆ ಪ್ರತಿ ಹಂತದಲ್ಲೂ ಏರುತ್ತದೆ, ಎಚ್ಚರಿಕೆಯ ಮಾತು ಮಾತ್ರ ಪ್ರತಿ ಹಂತದಲ್ಲೂ ಕಿರಿದಾಗುತ್ತ ಬರುತ್ತದೆ.

ಸಹಿಯ ವಿಷಯಕ್ಕೆ ಬಂದರೆ, ಹಣ ಕಟ್ಟಿಸಿಕೊಂಡವರು ಅದನ್ನು ತೋರಿಸಿ ಕೈ ತೊಳೆದುಕೊಳ್ಳಲು ನಮ್ಮ ಕಾನೂನು ಅವಕಾಶ ಕೊಡುತ್ತದೆಂದು ನನಗೆ ಅನಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ, ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆಯ ವ್ಯಾಪ್ತಿಗೆ ಬರುತ್ತದೆ, ಮತ್ತು ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ದುಬೈಗೋ ಮುಂಬೈಗೋ ಓಡಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇದಕ್ಕಿಂತ ಹೆಚ್ಚು ಜನರಿಗೆ ತಿಳಿಯದ ಸಂಗತಿ ಪ್ರವಾಸ ವಿಮೆಯದು. ಪ್ಯಾಕೇಜಿನ ಜೊತೆ ‘ವಿಮೆ ಸಹಿತ’ ಎಂದು ಕೊಡುವ ಪಾಲಿಸಿಗಳಲ್ಲಿ ಅನೇಕವು ಸಾಹಸ ಕ್ರೀಡೆಗಳಲ್ಲಿ ಆಗುವ ಗಾಯವನ್ನು ಹೊರಗಿಟ್ಟಿರುತ್ತವೆ, ಅಥವಾ ಅದಕ್ಕೆ ಪ್ರತ್ಯೇಕ ಕಂತು ಕೇಳುತ್ತವೆ. ಮರಳಿನ ಜೀಪ್ ಸವಾರಿ ಆ ಪಟ್ಟಿಯಲ್ಲಿ ಇದೆಯೇ, ನಾಲ್ಕು ಚಕ್ರದ ಕ್ವಾಡ್ ಬೈಕ್ ಇದೆಯೇ ಎಂದು ಪಾಲಿಸಿಯ ಕಾಗದ ತೆಗೆದು ನೋಡದ ಹೊರತು ಗೊತ್ತಾಗುವುದಿಲ್ಲ. ಹಾಗೆ ನೋಡುವವರು ನೂರಕ್ಕೆ ಒಬ್ಬರು ಇದ್ದಾರೆಯೇ ಎಂಬುದು ನನ್ನ ಅನುಮಾನ.

ಕ್ವಾಡ್ ಬೈಕ್ ಎಂದೆ. ಪ್ಯಾಕೇಜಿನಲ್ಲಿ ಇಲ್ಲದೆ, ಕ್ಯಾಂಪ್‌ನ ಬಳಿ ಇಳಿದೊಡನೆ ಒತ್ತಾಯದಿಂದ ಮಾರಾಟವಾಗುವ ಸವಾರಿಗಳಲ್ಲಿ ಇದು ಮೊದಲನೆಯದು, ಮತ್ತು ನನ್ನ ಮಟ್ಟಿಗೆ ಇಡೀ ಸಂಜೆಯಲ್ಲಿ ಹೆಚ್ಚು ಅಪಾಯದ್ದೂ ಇದೇ. ನಾಲ್ಕು ಚಕ್ರ ಇದೆಯೆಂಬ ಧೈರ್ಯದಲ್ಲಿ, ಸ್ಕೂಟರ್ ಓಡಿಸಿದವರೆಲ್ಲ ಇದನ್ನೂ ಓಡಿಸಬಹುದೆಂದು ಹತ್ತುತ್ತಾರೆ. ಇದಕ್ಕೆ ಬೆಲ್ಟೂ ಇಲ್ಲ, ಪಂಜರವೂ ಇಲ್ಲ. ಇಳಿಜಾರಿನಲ್ಲಿ ಅಡ್ಡ ತಿರುಗಿಸಿದಾಗ ಮಗುಚಿದರೆ ಇಡೀ ಗಾಡಿ ಸವಾರನ ಮೈಮೇಲೆ ಬೀಳುತ್ತದೆ. ಡ್ಯೂನ್ ಬಗ್ಗಿ ಎಂಬ ಇನ್ನೊಂದು ಗಾಡಿಗೆ ಪಂಜರವೂ ಸೀಟ್ ಬೆಲ್ಟೂ ಇರುವುದರಿಂದ ಅದು ಹೆಚ್ಚು ದುಬಾರಿಯಾದರೂ ತುಸು ಸುರಕ್ಷಿತ. ಹೆಲ್ಮೆಟ್ ಕೊಡದವರ ಬಳಿ, ಬೇಲಿ ಹಾಕಿದ ಸಮತಟ್ಟಾದ ಜಾಗ ಬಿಟ್ಟು ದಿಬ್ಬಕ್ಕೆ ಕಳುಹಿಸುವವರ ಬಳಿ ಹತ್ತದಿರುವುದು ಲೇಸು.

ಜೀಪ್ ಚಾಲಕರ ಪರವಾಗಿ ಒಂದು ಮಾತು ಹೇಳದೆ ಹೋದರೆ ಅನ್ಯಾಯವಾದೀತು. ಇವರಲ್ಲಿ ಬಹಳಷ್ಟು ಮಂದಿ ನಮ್ಮಂತೆಯೇ ದಕ್ಷಿಣ ಏಷ್ಯಾದಿಂದ ದುಡಿಯಲು ಬಂದವರು. ಮರಳಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯಲು ಮಾಮೂಲಿ ಲೈಸನ್ಸ್ ಸಾಲದು, ಪ್ರತ್ಯೇಕ ತರಬೇತಿ ಮತ್ತು ಅನುಮತಿ ಬೇಕು. ನಾನು ಕಂಡ ಚಾಲಕರು ನಿಧಾನವಾಗಿ ಹೋಗಿ ಎಂದರೆ ಬೇಸರಿಸದೆ ಹೋದವರೇ. ಆದರೆ ಹಿಂದಿನ ಸಾಲಿನಲ್ಲಿ ಅಜ್ಜಿಯೂ ನಡುವಿನ ಸಾಲಿನಲ್ಲಿ ಮೊಬೈಲ್ ಹಿಡಿದು ‘ಇನ್ನೂ ಜೋರು’ ಎನ್ನುವ ಯುವಕರೂ ಒಂದೇ ಜೀಪಿನಲ್ಲಿದ್ದರೆ ಆತ ಯಾರ ಮಾತು ಕೇಳಬೇಕು? ಸಂಜೆಯ ಕೊನೆಯಲ್ಲಿ ಕೈಗೆ ಬರುವ ಟಿಪ್ಸ್ ಯಾರ ಖುಷಿಯನ್ನು ಅವಲಂಬಿಸಿದೆ ಎಂಬುದೂ ಅವನಿಗೆ ಗೊತ್ತು. ಬೆರೆಸಬಾರದವರನ್ನು ಒಂದೇ ಗಾಡಿಯಲ್ಲಿ ಬೆರೆಸಿದವರು ಪ್ಯಾಕೇಜ್ ಮಾಡಿದವರು, ಬೈಗುಳ ತಿನ್ನುವವನು ಚಾಲಕ.

ಇನ್ನು ಕ್ಯಾಂಪ್. ಮರಳಿನ ನಡುವೆ ಚೌಕಾಕಾರವಾಗಿ ಚಾಪೆ, ಜಮಖಾನ, ಗಿಡ್ಡ ಮೇಜು, ದಿಂಬುಗಳನ್ನು ಹಾಸಿ, ನಡುವೆ ಎತ್ತರದ ವೇದಿಕೆ ಕಟ್ಟಿದ ಈ ಜಾಗ, ನಾಲ್ಕಾರು ಸಂಸ್ಥೆಗಳ ಜೀಪುಗಳು ಒಂದೇ ಹೊತ್ತಿಗೆ ಬಂದು ಸೇರಿದಾಗ ಊರ ಜಾತ್ರೆಯಂತೆಯೇ ತುಂಬಿ ತುಳುಕುತ್ತದೆ. ನೆಲದ ಮೇಲೆ ಕೂರಲಾಗದ ಮಂಡಿನೋವಿನವರಿಗೆ ಕುರ್ಚಿ ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೇ. ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಬರುವುದರಿಂದ ಸಸ್ಯಾಹಾರಿಗಳಿಗೆ ಪ್ರತ್ಯೇಕ ಸಾಲು ಇರುತ್ತದೆ: ದಾಲ್, ಅನ್ನ, ಪನೀರ್, ತರಕಾರಿ, ಹಮ್ಮಸ್, ಖುಬೂಸ್ ರೊಟ್ಟಿ. ತೊಂದರೆ ಬರುವುದು ಕೆಂಡದ ಬಳಿ. ಕೋಳಿ, ಕಬಾಬ್‌ಗಳನ್ನು ಮಗುಚಿದ ಅದೇ ಇಕ್ಕಳದಿಂದ ಪನೀರ್ ತುಂಡನ್ನೂ ಎತ್ತಿ ತಟ್ಟೆಗೆ ಹಾಕುವುದನ್ನು ಕಂಡು ಊಟ ಬಿಟ್ಟೆದ್ದ ಹಿರಿಯರನ್ನು ನಾನು ನೋಡಿದ್ದೇನೆ. ಶುದ್ಧ ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಕೆಂಡದ ಕಡೆ ಹೋಗದೆ ಪಾತ್ರೆಯ ಅಡುಗೆಯ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಬೇಕು. ‘ಸಸ್ಯಾಹಾರ ಲಭ್ಯ’ ಎಂಬ ಎರಡು ಪದಗಳಲ್ಲಿ ಇದೆಲ್ಲ ತಿಳಿಯುವುದಿಲ್ಲ.

ಮನರಂಜನೆಯ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ತಕರಾರು. ವೇದಿಕೆಯ ಮೇಲೆ ಮೊದಲು ಬಣ್ಣಬಣ್ಣದ ಘಾಗ್ರಾ ತೊಟ್ಟ ಒಬ್ಬ ಕಲಾವಿದ ನಿಂತಲ್ಲೇ ಗಿರಗಿರನೆ ತಿರುಗುತ್ತ, ಘಾಗ್ರಾವನ್ನು ಭುಜದ ಮೇಲೆ, ತಲೆಯ ಮೇಲೆ ಎತ್ತಿ ದೀಪ ಹೊತ್ತಿಸಿಕೊಳ್ಳುವ ತನೂರಾ ನಡೆಯುತ್ತದೆ. ಇದು ಸೂಫಿ ಪರಂಪರೆಯಿಂದ ಬಂದು ಈಜಿಪ್ಟಿನಲ್ಲಿ ಬೆಳೆದ ಕಲೆ, ಮತ್ತು ನಿಜಕ್ಕೂ ನೋಡತಕ್ಕದ್ದು. ಆನಂತರದ ಬೆಲ್ಲಿ ಡ್ಯಾನ್ಸ್ ಕೂಡ ಈ ನೆಲದ್ದಲ್ಲ. ಯುಎಇಯ ಎಮಿರೇಟ್‌ಗಳ ಸ್ವಂತ ಪ್ರದರ್ಶನ ಕಲೆಯೆಂದರೆ ಅಲ್ ಅಯ್ಯಾಲಾ: ಎರಡು ಸಾಲಾಗಿ ಎದುರುಬದುರು ನಿಂತ ಗಂಡಸರು ತೆಳುವಾದ ಬಿದಿರಿನ ಕೋಲು ಹಿಡಿದು, ಡೋಲಿನ ಲಯಕ್ಕೆ ತಲೆಯನ್ನೂ ಕೋಲನ್ನೂ ಆಡಿಸುತ್ತ ಹಾಡುವ ಕಲೆ. 2014ರಲ್ಲಿ ಇದು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅರಬ್ ಕಾಫಿ 2015ರಲ್ಲಿ, ಗಿಡುಗ ಸಾಕಾಣಿಕೆ 2010ರಲ್ಲಿ ಅದೇ ಪಟ್ಟಿಗೆ ಸೇರಿವೆ. ಕಾಫಿ ಬಾಗಿಲಲ್ಲಿ ಸಿಗುತ್ತದೆ, ಗಿಡುಗ ಫೋಟೊಕ್ಕೆ ಹಣ ಪಡೆಯಲು ತೋಳಿನ ಮೇಲೆ ಕೂರುತ್ತದೆ, ಅಯ್ಯಾಲಾ ಮಾತ್ರ ಈ ಅಗ್ಗದ ಕ್ಯಾಂಪ್‌ಗಳಲ್ಲಿ ಅಪರೂಪ. ಜೈಸಲ್ಮೇರದ ಸಮ್ ದಿಬ್ಬಗಳಿಗೆ ಹೋದವರು ಅಲ್ಲಿ ಕನಿಷ್ಠ ಕಾಲ್ಬೇಲಿಯಾ ಕುಣಿತವನ್ನಾದರೂ ಅದೇ ಮರುಭೂಮಿಯ ಮಕ್ಕಳಿಂದ ನೋಡುತ್ತಾರೆ. ಹಾಗಾಗಿ ‘ಅರಬ್ಬರ ಸಾಂಪ್ರದಾಯಿಕ ಜೀವನದ ಪರಿಚಯ’ ಎಂದು ಜಾಹೀರಾತಿನಲ್ಲಿ ಬರೆಯುವವರು ಆ ಮಾತನ್ನು ತೆಗೆದುಹಾಕಿ, ಇದು ಒಂದು ಸಂಜೆಯ ಮೋಜು ಎಂದಷ್ಟೇ ಬರೆದರೆ ಯಾರಿಗೂ ನಷ್ಟವಿಲ್ಲ. ರಂಜಾನ್ ತಿಂಗಳಲ್ಲಿ ಬಹುಪಾಲು ಕ್ಯಾಂಪ್‌ಗಳಲ್ಲಿ ಸಂಗೀತ, ನೃತ್ಯ ಇರುವುದಿಲ್ಲ. ಆಗಲೂ ಅದೇ ಪ್ಯಾಕೇಜನ್ನು ಅದೇ ಬೆಲೆಗೆ, ಅದೇ ಚಿತ್ರದೊಂದಿಗೆ ಮಾರುವುದು ಸರಿಯಲ್ಲ. ಮದ್ಯದ ಬಗ್ಗೆ ಕೇಳುವವರಿಗೆ: ಶಾರ್ಜಾದ ಗಡಿಯೊಳಗೆ ಅದು ಸಂಪೂರ್ಣ ನಿಷಿದ್ಧ, ದುಬೈ ಕಡೆಯಲ್ಲಿ ಪರವಾನಗಿ ಪಡೆದ ಕ್ಯಾಂಪ್‌ನಲ್ಲಿ ಮಾತ್ರ, ಬೇರೆ ದರಕ್ಕೆ.

ಯಾವ ತಿಂಗಳಲ್ಲಿ ಬರಬೇಕೆಂಬುದನ್ನೂ ಮಾರುವವರು ಹೇಳುವುದಿಲ್ಲ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಸಂಜೆ ಹಿತವಾಗಿರುತ್ತದೆ, ಜನವರಿಯ ರಾತ್ರಿ ಮರಳಿನ ಮೇಲೆ ಶಾಲು ಬೇಕೆನಿಸುವಷ್ಟು ಚಳಿಯಿರುತ್ತದೆ. ಆದರೆ ನಮ್ಮ ಶಾಲೆಗಳ ದೊಡ್ಡ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಮೇ ತಿಂಗಳ ಮಧ್ಯಾಹ್ನ ಇಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಬಯಲಿನಲ್ಲಿ ದುಡಿಯುವ ಕಾರ್ಮಿಕರಿಗೇ ಪ್ರತಿವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಕೆಲಸ ನಿಲ್ಲಿಸಬೇಕೆಂಬ ನಿಯಮ ಈ ದೇಶದಲ್ಲಿದೆ. ಅಂಥ ಸೆಕೆಯಲ್ಲಿ, ಹೋಟೆಲಿನ ಭರ್ತಿ ಊಟ ಮುಗಿಸಿದ ಒಂದು ಗಂಟೆಯೊಳಗೆ ದಿಬ್ಬ ಹತ್ತಿ ಇಳಿದರೆ ವಾಂತಿಯಾಗದಿರುವುದೇ ಆಶ್ಚರ್ಯ. ಸವಾರಿಗೆ ಎರಡು ಗಂಟೆ ಮೊದಲು ಹಗುರವಾಗಿ ತಿನ್ನಿ ಎಂಬ ಒಂದು ಸಾಲು ಟಿಕೆಟ್‌ನ ಮೇಲೆ ಕನ್ನಡದಲ್ಲಿ ಇದ್ದರೆ ಅರ್ಧ ತೊಂದರೆ ತಪ್ಪುತ್ತದೆ.

ಮರುಭೂಮಿಯೆಂದರೆ ಏನೂ ಬೆಳೆಯದ, ಯಾರಿಗೂ ಸೇರದ ಬಯಲು ಎಂಬ ಭಾವನೆಯಿಂದಲೇ ಈ ಸವಾರಿಗಳ ಬಗ್ಗೆ ನಾವು ಯೋಚಿಸದೆ ಹೋಗುತ್ತೇವೆ ಎಂದು ನನಗೆ ಅನೇಕ ಸಲ ಅನಿಸಿದೆ. ಲಹ್‌ಬಾಬ್ ಕಡೆ ದಿಬ್ಬಗಳ ನಡುವೆ ಒಂಟಿಯಾಗಿ ನಿಂತ, ಕೊಂಬೆಗಳು ಜೋಲುಬಿದ್ದ ಘಾಫ್ ಮರ ಈ ದೇಶದ ರಾಷ್ಟ್ರೀಯ ವೃಕ್ಷ; ವಿಜಯದಶಮಿಯಂದು ನಾವು ಪೂಜಿಸಿ ಎಲೆ ಹಂಚಿಕೊಳ್ಳುವ ಶಮೀ ವೃಕ್ಷವೂ ರಾಜಸ್ಥಾನದ ಖೇಜ್ರಿಯೂ ಇದೇ ಜಾತಿಯವು. ಬಹಳ ಆಳಕ್ಕೆ ಬೇರು ಇಳಿಸಿ ನೀರು ಹುಡುಕುವ ಈ ಮರ ದೊಡ್ಡದಾದ ಮೇಲೆ ಏನನ್ನೂ ತಾಳಿಕೊಳ್ಳುತ್ತದೆ, ಆದರೆ ಮರಳಿನಿಂದ ಆಗಷ್ಟೇ ತಲೆಯೆತ್ತಿದ ಸಸಿಯ ಮೇಲೆ ಚಕ್ರ ಹರಿದರೆ ಮುಗಿಯಿತು. ಉಡದ ಹಾಗೆ ಕಾಣುವ, ಮುಳ್ಳುಬಾಲದ ಧಬ್ ಹಲ್ಲಿಗಳ ಬಿಲಗಳೂ ಇದೇ ಮರುಭೂಮಿಯಲ್ಲಿವೆ. ಪ್ಲಾಸ್ಟಿಕ್ಕಿನ ಕತೆ ಇನ್ನೂ ಕೆಟ್ಟದ್ದು. ದುಬೈನ ಪಶುವೈದ್ಯಕೀಯ ಪ್ರಯೋಗಾಲಯದ ವಿಜ್ಞಾನಿಗಳು 2008ರಿಂದ ಪರೀಕ್ಷಿಸಿದ ಸುಮಾರು 30,000 ಸತ್ತ ಒಂಟೆಗಳ ಪೈಕಿ 300ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲ, ಹಗ್ಗಗಳು ಗಟ್ಟಿ ಗಡ್ಡೆಯಾಗಿ ಕೂತಿದ್ದವೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹೊಟ್ಟೆ ತುಂಬಿದೆಯೆಂದುಕೊಂಡು ಒಂಟೆ ಮೇವು ಬಿಟ್ಟು ಸೊರಗಿ ಸಾಯುತ್ತದೆ. 2024ರ ಜನವರಿಯಿಂದ ದುಬೈನಲ್ಲಿ ಒಮ್ಮೆ ಬಳಸಿ ಎಸೆಯುವ ಕೈಚೀಲಗಳಿಗೆ ನಿಷೇಧವಿದೆ. ಸೂರ್ಯಾಸ್ತಕ್ಕೆ ನಿಲ್ಲುವ ದಿಬ್ಬದ ಮೇಲೆ ನಮ್ಮವರೇ ಬಿಟ್ಟುಬಂದ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿಗಳನ್ನು ಹೆಕ್ಕುವವರು ಯಾರು?

ಎಲ್ಲ ಕಡೆಯೂ ಹೀಗೆಯೇ ಎಂದೂ ಅಲ್ಲ. ಸುಮಾರು 225 ಚದರ ಕಿಲೋಮೀಟರ್ ವಿಸ್ತಾರದ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶದೊಳಗೆ ಆಯ್ದ ಕೆಲವೇ ಸಂಸ್ಥೆಗಳಿಗೆ ಪ್ರವೇಶವಿದೆ, ವಾಹನಗಳು ಎಲ್ಲೆಂದರಲ್ಲಿ ನುಗ್ಗುವಂತಿಲ್ಲ. 1972ರಲ್ಲಿ ಕಾಡಿನಿಂದ ಸಂಪೂರ್ಣವಾಗಿ ಅಳಿದುಹೋಗಿದ್ದ, ಬಿಳಿ ಮೈಯ ಉದ್ದ ಕೊಂಬಿನ ಅರೇಬಿಯನ್ ಓರಿಕ್ಸ್, ಮೃಗಾಲಯಗಳಲ್ಲಿ ಸಾಕಿ ಬೆಳೆಸಿ ಮರಳಿ ಬಿಟ್ಟ ಕಾರಣ, ಈಗ ಅಲ್ಲಿ ಹಿಂಡಾಗಿ ಮೇಯುತ್ತದೆ. ನಿಧಾನವಾಗಿ ಓಡುವ ತೆರೆದ ಜೀಪಿನಲ್ಲಿ ಕೂತು ಅದನ್ನು ನೋಡಿ, ಕಡಿಮೆ ಬೆಳಕಿನ ಸಣ್ಣ ಕ್ಯಾಂಪ್‌ನಲ್ಲಿ ಊಟ ಮಾಡಿ ಮರಳುವ ಸಂಜೆಗೆ ಬೆಲೆ ಹೆಚ್ಚು, ಹೌದು. ಆದರೆ ವಯಸ್ಸಾದ ತಂದೆತಾಯಿಗಳನ್ನು ಕರೆತರುವವರು ಒಂದು ಮಾಲ್‌ನ ಖರ್ಚು ಬಿಟ್ಟು ಇದಕ್ಕೆ ಕೊಟ್ಟರೆ ನಷ್ಟವಾಗದು. ನಮ್ಮ ಶಾರ್ಜಾದಲ್ಲಿ ಮ್ಲೇಹಾ ಎಂಬ ಪ್ರಾಚೀನ ನೆಲೆ ಇದೆ. ಅದರ ಪಕ್ಕದ ಜೆಬೆಲ್ ಫಾಯಾ ಬೆಟ್ಟದಲ್ಲಿ ಸುಮಾರು 1,25,000 ವರ್ಷಗಳಷ್ಟು ಹಳೆಯ ಕಲ್ಲಿನ ಹತ್ಯಾರಗಳು ಸಿಕ್ಕಿವೆ, 2025ರಲ್ಲಿ ಆ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿ ಪುರಾತತ್ತ್ವ ಕೇಂದ್ರ ನೋಡಿ, ಸೂರ್ಯಾಸ್ತಕ್ಕೆ ಮರಳಿಗೆ ಹೋಗಿ, ರಾತ್ರಿ ದೂರದರ್ಶಕದಲ್ಲಿ ನಕ್ಷತ್ರ ನೋಡುವ ಏರ್ಪಾಡಿದೆ. ಕನ್ನಡ ಪತ್ರಿಕೆಗಳ ಪ್ಯಾಕೇಜ್ ಜಾಹೀರಾತಿನಲ್ಲಿ ಇದರ ಹೆಸರನ್ನು ನಾನು ಈವರೆಗೆ ಕಂಡಿಲ್ಲ. ಕಮಿಷನ್ ಕಡಿಮೆ ಇರಬಹುದು.

ನನ್ನ ಕೋರಿಕೆ ದೊಡ್ಡದೇನಲ್ಲ. ಕರ್ನಾಟಕದಿಂದ ಗುಂಪು ಪ್ರವಾಸ ಕರೆತರುವ ಏಜೆನ್ಸಿಗಳು ಹಣ ಪಡೆಯುವ ಮೊದಲೇ, ಜೀಪ್ ಸವಾರಿ ಮತ್ತು ಕ್ಯಾಂಪ್‌ನ ಸಂಜೆಯನ್ನು ಎರಡು ಪ್ರತ್ಯೇಕ ಬಾಬತ್ತುಗಳಾಗಿ, ಎರಡರ ದರವನ್ನೂ ಬೇರೆ ಬೇರೆ ನಮೂದಿಸಿ, ಕನ್ನಡದಲ್ಲಿ ಅಚ್ಚುಹಾಕಿದ ಒಂದು ಹಾಳೆಯಲ್ಲಿ ಕೊಡಲಿ. ಸವಾರಿ ಯಾರಿಗೆ ಕೂಡದು, ಬೇಡವೆಂದವರನ್ನು ಯಾವ ವಾಹನದಲ್ಲಿ ಕ್ಯಾಂಪ್‌ಗೆ ಮುಟ್ಟಿಸುತ್ತೀರಿ, ಕೊಟ್ಟಿರುವ ವಿಮೆ ಈ ಸವಾರಿಗೆ ಅನ್ವಯಿಸುತ್ತದೆಯೇ, ಅಲ್ಲಿ ಹೋದ ಮೇಲೆ ಯಾವ ಯಾವುದಕ್ಕೆ ಕೈಯಿಂದ ಹಣ ಬೀಳುತ್ತದೆ ಎಂಬಿಷ್ಟು ಅದರಲ್ಲಿದ್ದರೆ ಸಾಕು. ಗುಂಪಿನ ಮ್ಯಾನೇಜರ್ ಜೀಪುಗಳನ್ನು ಹಂಚುವಾಗ ಹಿರಿಯರನ್ನು ಒಟ್ಟಿಗೆ ಒಂದು ಗಾಡಿಯಲ್ಲಿ, ಮುಂದಿನ ಮತ್ತು ನಡುವಿನ ಸಾಲುಗಳಲ್ಲಿ ಕೂರಿಸಿ, ಆ ಚಾಲಕನಿಗೆ ಮೊದಲೇ ಹೇಳುವುದಕ್ಕೆ ಒಂದು ದಿರ್ಹಂ ಖರ್ಚೂ ಇಲ್ಲ.

ಬುಕಿಂಗ್ ಮಾಡುವವರು ಬಹುತೇಕ ಮಕ್ಕಳು, ಸವಾರಿಗೆ ಕೂರುವವರು ತಂದೆತಾಯಿಗಳು. ಬೆಂಗಳೂರಿನ ಕಚೇರಿಯಲ್ಲಿ ಕೂತು ಮೊಬೈಲ್‌ನಲ್ಲಿ ಹಣ ಕಟ್ಟಿದ ಮಗನಾಗಲಿ ಮಗಳಾಗಲಿ ಏಜೆಂಟರಿಗೆ ಒಂದು ಫೋನ್ ಮಾಡಿ, ‘ನಮ್ಮ ಅಪ್ಪ ಅಮ್ಮ ಮರಳಿಗೆ ಇಳಿಯುವುದಿಲ್ಲ, ನೇರ ಕ್ಯಾಂಪ್‌ಗೆ ಬಿಡಿ’ ಎಂದು ಹೇಳಿ, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರಹವಾಗಿ ಪಡೆದುಕೊಳ್ಳಲಿ. ಬಾಯಿಮಾತು ದುಬೈ ವಿಮಾನ ನಿಲ್ದಾಣ ದಾಟುವುದಿಲ್ಲ. ತಮ್ಮ ಪತ್ರಿಕೆಯೂ ಪ್ರವಾಸ ಪುರವಣಿಯಲ್ಲಿ ಸಫಾರಿ ಜಾಹೀರಾತು ಅಚ್ಚಾಗುವ ಪುಟದಲ್ಲಿಯೇ ಈ ಎಚ್ಚರಿಕೆಯನ್ನು ಚಿಕ್ಕ ಚೌಕಟ್ಟಿನಲ್ಲಿ, ಚಿಕ್ಕಮ್ಮನಂಥವರಿಗೆ ಕನ್ನಡಕವಿಲ್ಲದೆ ಓದಲಾಗುವ ಅಕ್ಷರದಲ್ಲಿ, ರಜೆಯ ಬುಕಿಂಗ್ ಶುರುವಾಗುವ ಮುಂಚಿನ ವಾರಗಳಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ ಓದುಗ,
ಶಾರ್ಜಾ